ಉತ್ತರ ಸ್ವೀಡನ್ನಿನ ಗಾಜಿನ ಮನೆಯಲ್ಲಿ ಟೊಮೆಟೊ: ಅರಕಲಗೂಡಿನ ಅಕ್ಕನವರ ಪ್ರಶ್ನೆಗೆ ಉತ್ತರ

ಅಕ್ಕನವರಿಗೆ ನಮಸ್ಕಾರ. ಸ್ವೀಡನ್ನಿನ ಲೂಲಿಯೊದಲ್ಲಿರುವ ತಮ್ಮ ಮಗ ಹಿತ್ತಿಲಿನಲ್ಲಿ 8 ಅಡಿಗೆ 10 ಅಡಿಯ ಗಾಜಿನ ಮನೆ ಹಾಕಿಸಿ, ಊರಿನಿಂದ ಒಯ್ದ ಹೈಬ್ರಿಡ್ ಬೀಜ ಬಿತ್ತಿದ್ದನ್ನೂ, ಗಿಡಗಳು ಆಳೆತ್ತರ ಬೆಳೆದರೂ ಜೂನ್ ತಿಂಗಳಲ್ಲಿ ಹೂವೆಲ್ಲ ಉದುರಿ, ಸೆಪ್ಟೆಂಬರ್ ಚಳಿಗೆ ಬರೀ ಹಸಿರು ಕಾಯಿ ಉಳಿದದ್ದನ್ನೂ ತಾವು ಬರೆದಿದ್ದೀರಿ. ಬಿಸಿಲು ಸಾಲದೆ ಹೀಗಾಗಿದೆ ಎಂದು ಗುಂಪಿನಲ್ಲಿ ಕೆಲವರು ಹೇಳಿದ್ದಾರೆ, ಮತ್ತೆ ಕೆಲವರು ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರ ಸಿಂಪಡಿಸಲು ಸೂಚಿಸಿದ್ದಾರೆ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಹಾಸನದ ದುದ್ದದ ಬಳಿ 10 ಗುಂಟೆ ಪಾಲಿಹೌಸ್‌ನಲ್ಲಿ ಟೊಮೆಟೊ, ದಪ್ಪ ಮೆಣಸಿನಕಾಯಿ ಬೆಳೆಯುವ ನಾನು, ನನ್ನ ಮಗಳು ಲೂಲಿಯೊ ಸೀಮೆಯಲ್ಲಿಯೇ ಇರುವ ಕಾರಣ ಎರಡು ಬೇಸಿಗೆಗಳನ್ನು ಅಲ್ಲಿ ಕಳೆದಿದ್ದೇನೆ. ಇಲ್ಲಿನ ಅನುಭವವನ್ನೇ ಅಲ್ಲಿಯೂ ನಡೆಸಲು ಹೋಗಿ ಮೊದಲ ವರ್ಷದ ಬೆಳೆಯನ್ನು ಕೈಯಾರೆ ಕೆಡಿಸಿದವನೂ ನಾನೇ.

ಮೊದಲು ಬಿಸಿಲಿನ ವಿಚಾರ. ನಮ್ಮ ಹಾಸನ 13 ಡಿಗ್ರಿ ಅಕ್ಷಾಂಶದಲ್ಲಿದೆ. ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಇಲ್ಲಿ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಲೂಲಿಯೊ 65 ಡಿಗ್ರಿಯನ್ನೂ ದಾಟಿದ ಊರು. ಅಲ್ಲಿ ಜೂನ್ ಕೊನೆಯಲ್ಲಿ ನಡುರಾತ್ರಿಯ ಹೊತ್ತಿಗೆ ಮುಳುಗಿದ ಸೂರ್ಯ ಒಂದು ಗಂಟೆಯ ಸುಮಾರಿಗೆ ಮತ್ತೆ ಹುಟ್ಟುತ್ತಾನೆ. ಡಿಸೆಂಬರ್‌ನಲ್ಲಿ ಮೂರು ಗಂಟೆಯ ಹಗಲು ಸಿಕ್ಕರೆ ಹೆಚ್ಚು. ಆದುದರಿಂದ ಬೇಸಿಗೆಯ ಗಿಡಕ್ಕೆ ಬೆಳಕಿನ ಬರವಿಲ್ಲ. ಕೊರತೆಯಿರುವುದು ಬೇರಿನ ಬಿಸಿಗೆ, ಮತ್ತು ಋತುವಿನ ಎರಡೂ ತುದಿಯ ದಿನಗಳಿಗೆ. ನಾವು ಪಾಲಿಹೌಸ್ ಕಟ್ಟುವುದು ಮಳೆ, ಹುಳು, ಸುಡುಬಿಸಿಲುಗಳನ್ನು ಹೊರಗಿಡಲು. ಅವರು ಕಟ್ಟುವುದು ಸಿಕ್ಕ ಶಾಖವನ್ನು ಕೂಡಿಡಲು.

ಹೂ ಉದುರಿದ್ದು ಚಳಿಯಿಂದಲೇ ಎಂದು ತಮ್ಮ ಮಗ ಭಾವಿಸಿದಂತಿದೆ. ನಾನೂ ಹಾಗೆಯೇ ತಿಳಿದು, ಸಂಜೆ 7ಕ್ಕೆ ಬಾಗಿಲು, ಕಿಟಕಿ ಎಲ್ಲವನ್ನೂ ಭದ್ರಪಡಿಸಿ ಬೆಳಿಗ್ಗೆ 9ಕ್ಕೆ ತೆರೆಯುತ್ತಿದ್ದೆ. ಒಂದು ದಿನ ನಿದ್ರೆ ಬಾರದೆ 8ಕ್ಕೇ ಹೋಗಿ ನೋಡಿದರೆ ಒಳಗಿನ ಥರ್ಮಾಮೀಟರ್ 41 ಡಿಗ್ರಿ ತೋರಿಸುತ್ತಿತ್ತು, ಗಾಜಿನ ಒಳಮೈಯಿಂದ ನೀರಿಳಿಯುತ್ತಿತ್ತು, ಹೂಗಳು ತೊಟ್ಟಿನ ಗಂಟಿನಲ್ಲಿ ಹಳದಿಯಾಗಿ ಬೆರಳು ತಾಗಿದರೆ ಕಳಚುತ್ತಿದ್ದವು. ಲೂಲಿಯೊದ ಸೂರ್ಯ ನಡು ಬೇಸಿಗೆಯ ಮಧ್ಯಾಹ್ನವೂ ದಿಗಂತದಿಂದ 48 ಡಿಗ್ರಿ ಕೋನಕ್ಕಿಂತ ಮೇಲೇರುವುದಿಲ್ಲ. ಬೆಳಗಿನ ಜಾವದ ಕಿರಣಗಳು ಪಕ್ಕದ ಗಾಜಿನ ಗೋಡೆಗೆ ನೇರವಾಗಿ ಬಡಿಯುತ್ತವೆ. ಮನುಷ್ಯ ಏಳುವ ಮೊದಲೇ ಗಾಜಿನ ಮನೆ ಒಲೆಯಾಗಿರುತ್ತದೆ. ಪರಾಗಕ್ಕೆ 13 ಡಿಗ್ರಿಗಿಂತ ಕಡಿಮೆಯ ರಾತ್ರಿ ಹೇಗೆ ಕೆಟ್ಟದ್ದೋ 32ಕ್ಕಿಂತ ಮೇಲಿನ ಹಗಲೂ ಹಾಗೆಯೇ ಕೆಟ್ಟದ್ದು. ಇದಕ್ಕೆ ವಿದ್ಯುತ್ತಿಲ್ಲದೆ ಕೆಲಸ ಮಾಡುವ ಸಾಧನವೊಂದು ಅಲ್ಲಿನ ತೋಟಗಾರಿಕೆ ಅಂಗಡಿಗಳಲ್ಲಿ ಸಿಗುತ್ತದೆ: ಕೊಳವೆಯೊಳಗಿನ ಮೇಣ ಬಿಸಿಗೆ ಹಿಗ್ಗಿ ಚಾವಣಿಯ ಕಿಟಕಿಯನ್ನು ತಾನೇ ಎತ್ತುತ್ತದೆ, ತಣ್ಣಗಾದಾಗ ಇಳಿಸುತ್ತದೆ. ಹೀಟರ್ ಕೊಳ್ಳುವ ಮೊದಲು ಇಂಥ ಎರಡನ್ನು ಹಾಕಿಸಲಿ.

ಪರಾಗಸ್ಪರ್ಶದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಟೊಮೆಟೊ ಹೂವಿನ ಪರಾಗ ಕೊಳವೆಯಂಥ ಕೇಸರದ ಒಳಗಿದ್ದು, ಅದುರಿದಾಗ ಮಾತ್ರ ಉದುರುತ್ತದೆ. ನಮ್ಮ ಹೊಲದಲ್ಲಿ ಗಾಳಿ ಆ ಕೆಲಸ ಮಾಡುತ್ತದೆ. ಆ ದೇಶಗಳ ವಾಣಿಜ್ಯ ಗಾಜಿನ ಮನೆಗಳಲ್ಲಿ ರೋಮದ ದುಂಬಿಗಳ ಪೆಟ್ಟಿಗೆ ಇಡುತ್ತಾರೆ. 10 ಗಿಡಕ್ಕೆ ಅದೆಲ್ಲ ಬೇಡ. ದಿನವೂ ಮಧ್ಯಾಹ್ನದ ಹೊತ್ತಿಗೆ, ಒಳಗಿನ ತೇವ ಆರಿದ ಮೇಲೆ, ಗಿಡ ಕಟ್ಟಿದ ದಾರವನ್ನು ಬೆರಳಿನಿಂದ ಎರಡು ಬಾರಿ ಮೀಟಿದರೆ ಸಾಕು.

ಇನ್ನು ಮಣ್ಣು. ಎಲೆಯ ಅಡಿಭಾಗ ನೇರಳೆಯಾಗಿತ್ತು ಎಂದು ತಾವು ಬರೆದಿರುವ ಒಂದೇ ಸಾಲು ನನಗೆ ಬಹಳಷ್ಟು ತಿಳಿಸಿತು. ಮಣ್ಣು 15 ಡಿಗ್ರಿಗಿಂತ ತಣ್ಣಗಿದ್ದರೆ ಅದರಲ್ಲಿ ರಂಜಕ ಎಷ್ಟಿದ್ದರೂ ಬೇರು ಅದನ್ನು ಸರಿಯಾಗಿ ಹೀರಲಾರದು. ಆಗ 19:19:19 ಕೊಟ್ಟರೂ ಪ್ರಯೋಜನ ಕಾಣುವುದಿಲ್ಲ. ಚಳಿಗಾಲವಿಡೀ ಹೆಪ್ಪುಗಟ್ಟಿದ ನೆಲ ಮೇ ತಿಂಗಳಲ್ಲಿ ಮೇಲಷ್ಟೇ ಬೆಚ್ಚಗಾಗಿರುತ್ತದೆ, ಒಂದು ಅಡಿ ಕೆಳಗೆ ಕೈಯಿಟ್ಟರೆ ಫ್ರಿಜ್‌ನಂತಿರುತ್ತದೆ. ಆದ್ದರಿಂದ ನೆಲದಲ್ಲಿ ನೆಡದೆ, ಹಲಗೆಯ ಏರುಮಡಿ ಮಾಡಿ, ಅಡಿಗೆ ಮತ್ತು ಪಕ್ಕಕ್ಕೆ ಥರ್ಮೋಕೋಲ್ ಹಾಳೆ ಕೊಡಬೇಕು. ಕುದುರೆ ಲಾಯ ಹತ್ತಿರದಲ್ಲಿದ್ದರೆ ಇನ್ನೂ ಒಳ್ಳೆಯದು. ಚಳಿಗಾಲದ ಬೆಳಿಗ್ಗೆ ತಿಪ್ಪೆ ಕೆದಕಿದಾಗ ಹಬೆ ಏಳುವುದನ್ನು ತಾವು ನೋಡಿಯೇ ಇರುತ್ತೀರಿ. ಅದೇ ಶಾಖವನ್ನು ಅಲ್ಲಿನವರು ಹಿಂದಿನಿಂದಲೂ ಬಳಸುತ್ತಾರೆ. ಹಸಿ ಕುದುರೆ ಲದ್ದಿಯನ್ನು ಹುಲ್ಲಿನೊಂದಿಗೆ ಒಂದೂವರೆ ಅಡಿ ತುಳಿದು ತುಂಬಿ, ಮೊದಲ ಕಾವು ಇಳಿದ ಮೇಲೆ 8 ಅಂಗುಲ ಮಣ್ಣು ಹಾಕಿ ನೆಟ್ಟರೆ ಕೆಲವು ವಾರಗಳ ಕಾಲ ಬೇರು ಬೆಚ್ಚಗಿರುತ್ತದೆ.

ಕಪ್ಪು ಬಣ್ಣ ಬಳಿದ 200 ಲೀಟರಿನ ನೀರಿನ ಡ್ರಮ್ ಎರಡನ್ನು ಉತ್ತರದ ಗೋಡೆಯ ಪಕ್ಕ ನಿಲ್ಲಿಸಲಿ. ಒಂದು ಡ್ರಮ್ಮಿನ ನೀರು ರಾತ್ರಿ 25ರಿಂದ 15 ಡಿಗ್ರಿಗೆ ಇಳಿಯುವಷ್ಟರಲ್ಲಿ ಬಿಟ್ಟುಕೊಡುವ ಶಾಖ, ಒಂದು ಕಿಲೋವಾಟ್ ಹೀಟರ್ ಎರಡು ಗಂಟೆಗೂ ಮೀರಿ ಉರಿದಷ್ಟಾಗುತ್ತದೆ. ಗಿಡಕ್ಕೆ ಕೊಡುವ ನೀರೂ ಇದೇ ಡ್ರಮ್ಮಿನದ್ದಾಗಿರಲಿ. ನಲ್ಲಿಯ ಕೊರೆಯುವ ನೀರನ್ನು ಬುಡಕ್ಕೆ ಬಿಡಬಾರದು. ಜೂನ್ ಮೊದಲ ವಾರದವರೆಗೂ ರಾತ್ರಿ ಹಿಮ ಬೀಳಬಹುದಾದ ಕಾರಣ, ನಾವು ಕಲ್ಲಂಗಡಿ ಸಾಲಿನ ಮೇಲೆ ಎಳೆಯುವ ಬಿಳಿ ಕ್ರಾಪ್ ಕವರ್ ಅನ್ನು ಗಾಜಿನ ಮನೆಯ ಒಳಗೆ ಗಿಡಗಳ ಮೇಲೆಯೂ ಹೊದಿಸಬೇಕು.

ಕಾಲದ ಲೆಕ್ಕ ಹೀಗಿದೆ. ಮಾರ್ಚ್ ಮೊದಲ ವಾರ ಮನೆಯೊಳಗೆ ಬಿತ್ತಿ, ಎಲ್‌ಇಡಿ ದೀಪದಡಿ ದಿನಕ್ಕೆ 16 ಗಂಟೆ ಬೆಳಕು ಕೊಡಬೇಕು. ದೀಪವನ್ನು 24 ಗಂಟೆಯೂ ಉರಿಸಿದರೆ ಟೊಮೆಟೊ ಎಲೆ ಹಳದಿಯಾಗುತ್ತದೆ, ಅದಕ್ಕೆ ಕತ್ತಲೆಯೂ ಬೇಕು. ಮೇ ಕೊನೆಯಲ್ಲಿ, ಮಣ್ಣಿನಲ್ಲಿ ಚುಚ್ಚಿದ ಥರ್ಮಾಮೀಟರ್ 15 ತೋರಿಸಿದ ಮೇಲೆ, ಮೊದಲ ಹೂಗೊಂಚಲು ಬಂದ ಸಸಿಯನ್ನು ನೆಡಲಿ. ಎಲೆಯ ಕಂಕುಳಲ್ಲಿ ಬರುವ ಕುಡಿಗಳನ್ನು ವಾರಕ್ಕೊಮ್ಮೆ ತೆಗೆದು ಒಂದೇ ಕಾಂಡ ಉಳಿಸಿಕೊಳ್ಳಬೇಕು. ಅಲ್ಲಿ ಹೂವಿನಿಂದ ಹಣ್ಣಿಗೆ 50ರಿಂದ 60 ದಿನ ಬೇಕಾಗುತ್ತದೆ. ಎಂದರೆ ಜುಲೈ ಮುಗಿಯುವ ವೇಳೆಗೆ ಬಿಟ್ಟ ಹೂ ಸೆಪ್ಟೆಂಬರ್ ಚಳಿಗೆ ಮೊದಲು ಕೆಂಪಾಗುವುದೇ ಅನುಮಾನ. ಹೀಗಾಗಿ ಜುಲೈ ಕೊನೆಯ ವಾರ, ನಾಲ್ಕನೆಯ ಗೊಂಚಲಿನ ಮೇಲೆ ಎರಡು ಎಲೆ ಬಿಟ್ಟು, ತುದಿಯನ್ನು ಚಿವುಟಿಬಿಡಬೇಕು. ನಮಗೆ ಇದು ಕಷ್ಟದ ಕೆಲಸ. ಹೂ ತುಂಬಿದ ಕುಡಿಯನ್ನು ಮುರಿಯಲು ಮಗಳು ಹೇಳಿದಾಗ ನನಗೆ ಕೈ ಬಂದಿರಲಿಲ್ಲ, ಆಕೆಯೇ ಮುರಿದಳು.

ತಳಿಯ ಬಗ್ಗೆ ಒಂದು ಮಾತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಇಲ್ಲಿ ಒಳ್ಳೆಯದು, ಏಕೆಂದರೆ ಎಲೆ ಮುರುಟು, ದುಂಡಾಣು ಸೊರಗು, ಎಲೆ ಅಂಗಮಾರಿ ರೋಗಗಳನ್ನು ತಡೆಯಲೆಂದೇ ಅದನ್ನು ರೂಪಿಸಿದ್ದಾರೆ. ಲೂಲಿಯೊದಲ್ಲಿ ಬೇಕಾದದ್ದು ಚಳಿಯಲ್ಲಿಯೂ ಕಾಯಿ ಕಚ್ಚಿ ಬೇಗ ಹಣ್ಣಾಗುವ ಗುಣ. ಜೆಕ್ ನಾಡಿನ ಸ್ಟುಪಿಚೆ, ಕೆನಡಾದ ಸಬ್ ಆರ್ಕ್ಟಿಕ್ ಪ್ಲೆಂಟಿ, ಇಲ್ಲವೇ ಯಾವುದಾದರೂ ಚೆರ್ರಿ ಟೊಮೆಟೊ ಆಗಬಹುದು. ಬೀಜವನ್ನು ಅಲ್ಲಿಯೇ ಕೊಳ್ಳಲಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಹೊರಗಿನಿಂದ ಬೀಜ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಮುಂದಿನ ಸಲ ಚೀಲಕ್ಕೆ ಬೀಜದ ಪೊಟ್ಟಣದ ಬದಲು ಸಾರಿನ ಪುಡಿ ಹಾಕಿಕೊಡಿ.

ಇಷ್ಟೆಲ್ಲ ಮಾಡಿದರೂ ಕೊನೆಯಲ್ಲಿ ಒಂದಷ್ಟು ಕಾಯಿ ಉಳಿದೇ ಉಳಿಯುತ್ತದೆ. ರಾತ್ರಿ 8 ಡಿಗ್ರಿಗೆ ಇಳಿಯತೊಡಗಿದಾಗ ಅವನ್ನು ಗಿಡದಲ್ಲಿ ಬಿಡದೆ ಕೊಯ್ದು, ಬಲಿತು ಬಿಳಿಚಿಕೊಂಡವನ್ನು ಒಂದು ಬಾಳೆಹಣ್ಣಿನೊಂದಿಗೆ ರಟ್ಟಿನ ಪೆಟ್ಟಿಗೆಯಲ್ಲಿ, ಫ್ರಿಜ್‌ನಲ್ಲಲ್ಲ, ಮನೆಯೊಳಗೇ ಇಡಲಿ. ಎರಡು ವಾರದೊಳಗೆ ಕೆಂಪಾಗುತ್ತವೆ. ಬಲಿಯದೆ ಕಡು ಹಸಿರಾಗಿರುವವು ಹಣ್ಣಾಗುವುದಿಲ್ಲ, ಅವು ಹಸಿ ಮೆಣಸಿನಕಾಯಿ, ಕಡಲೆಬೀಜದ ಜೊತೆ ಚಟ್ನಿಗೆ ಸರಿ.