ರೀಸೆಟ್ ಆದ ಫೈರ್‌ವಾಲ್ ಸತ್ತಿಲ್ಲ, ಮೊದಲು ಲ್ಯಾಪ್‌ಟಾಪಿನ ವೈಫೈ ಆರಿಸಿ

ಸರ್ವಿಸ್‌ಗೆ ಕಳುಹಿಸಬೇಡಿ, ಹೊಸದನ್ನೂ ಕೊಳ್ಳಬೇಡಿ. ನೆಟ್‌ವರ್ಕಿಗೆ ಕಾವಲಿರುವ ಫೋರ್ಟಿಗೇಟ್ ಫೈರ್‌ವಾಲ್ ಪೆಟ್ಟಿಗೆಯನ್ನು ರೀಸೆಟ್ ಮಾಡಿದ ಮೇಲೆ ಅದರ ಸೆಟ್ಟಿಂಗ್ ಪುಟದ ವಿಳಾಸ 192.168.1.99 ತೆರೆಯುತ್ತಿಲ್ಲ, ಆದರೆ ಪೋರ್ಟಿನ ದೀಪ ಹಸಿರಾಗಿ ಉರಿಯುತ್ತಿದೆ ಎಂದು ಬರೆದಿದ್ದೀರಿ. ಅದೇ ಹಸಿರು ದೀಪವನ್ನು ನೋಡುತ್ತಾ ನಾನು ನಾಲ್ಕು ದಿನ ಕಳೆದಿದ್ದೇನೆ.

2019ರ ಫೆಬ್ರುವರಿ. ಹುಬ್ಬಳ್ಳಿಯ ನೆಟ್‌ವರ್ಕಿಂಗ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಹೊಸ ಇಂಟರ್ನೆಟ್ ಲೈನ್ ಹಾಕಿಸಿಕೊಂಡಿದ್ದರು. ಅದನ್ನು ಅವರ ಫೋರ್ಟಿಗೇಟ್ 60ಇಗೆ ಜೋಡಿಸಬೇಕಿತ್ತು. ಮೊದಲು ನೋಡಿಕೊಳ್ಳುತ್ತಿದ್ದ ಹುಡುಗ ಪಾಸ್‌ವರ್ಡ್ ಹೇಳದೆ ಕೆಲಸ ಬಿಟ್ಟಿದ್ದ. ಶನಿವಾರ ಮಧ್ಯಾಹ್ನ ನಾನು ಹೋದೆ. ಸೋಮವಾರ, ಗುರುವಾರ ಅಲ್ಲಿ ಮಾರುಕಟ್ಟೆ. ಒಂದೊಂದು ದಿನ ಆವಕ ಲಕ್ಷ ಚೀಲ ದಾಟುವ ಹಂಗಾಮು. ಲಾಟುಗಳಿಗೆ ಆನ್‌ಲೈನ್ ಟೆಂಡರ್ ಹಾಕುವುದು ಅಂಗಡಿಯಿಂದ; ಕೊಂಡ ಮಾಲಿನ ಲೆಕ್ಕ ಇರುವುದು ಊರ ಹೊರಗಿನ ಕೋಲ್ಡ್ ಸ್ಟೋರೇಜಿನಲ್ಲಿ. ಎರಡನ್ನೂ ಬೆಸೆದಿದ್ದದ್ದು ಆ ಫೈರ್‌ವಾಲಿನ ವಿಪಿಎನ್, ಅಂದರೆ ಇಂಟರ್ನೆಟ್ ಮೂಲಕ ಹಾಯುವ ಖಾಸಗಿ ಸಂಪರ್ಕ.

ಪೆಟ್ಟಿಗೆಯ ಗಾಳಿಕಿಂಡಿಗಳ ತುಂಬ ನುಣುಪಾದ ಕೆಂಪು ಪುಡಿ ಕೂತಿತ್ತು. ಬಟ್ಟೆಯಿಂದ ಒರೆಸಿದರೆ ಘಾಟು ಮೂಗಿಗೆ ಏರಿ ಸೀನು ನಿಲ್ಲಲಿಲ್ಲ. ಈ ಪುಡಿಯನ್ನು ನೆನಪಿಡಿ, ನನ್ನ ದಾರಿ ತಪ್ಪಿಸಿದ್ದರಲ್ಲಿ ಅದರ ಪಾಲೂ ಇದೆ.

ಪಾಸ್‌ವರ್ಡ್ ಇಲ್ಲವಲ್ಲ ಎಂದು ರೀಸೆಟ್ ಮಾಡಿದೆ. ಲ್ಯಾಪ್‌ಟಾಪಿನಿಂದ ಮೊದಲನೇ ಪೋರ್ಟಿಗೆ ಕೇಬಲ್ ಹಾಕಿದೆ, ಹಸಿರು ದೀಪ ಬಂತು. ಬ್ರೌಸರಿನಲ್ಲಿ 192.168.1.99 ಹೊಡೆದರೆ ಏನೂ ಇಲ್ಲ. ಲ್ಯಾಪ್‌ಟಾಪಿನ ವಿಳಾಸ ತೋರಿಸುವ ಐಪಿಕಾನ್ಫಿಗ್ ಆಜ್ಞೆ ಹೊಡೆದು ನೋಡಿದೆ, ಅದಕ್ಕೆ 192.168.1.7 ಬಂದಿತ್ತು. ಫೈರ್‌ವಾಲೇ ಈ ವಿಳಾಸ ಕೊಟ್ಟಿದೆ, ಅಂದಮೇಲೆ ನನ್ನ ಕಡೆ ಎಲ್ಲ ಸರಿ ಇದೆ ಎಂದುಕೊಂಡೆ.

ಅಲ್ಲೇ ನಾನು ಕೆಟ್ಟದ್ದು. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲೇ ನಿಂತಿರುವಂತೆ ಕಾಣುತ್ತದೆ. ಲ್ಯಾಪ್‌ಟಾಪಿಗೆ ನೆಟ್‌ವರ್ಕ್ ಕಾರ್ಡುಗಳು ಎರಡು, ಕೇಬಲಿನದೊಂದು, ವೈಫೈಯದೊಂದು. ಹಿಂದಿನ ದಿನ ಧಾರವಾಡದ ಒಂದು ಕಚೇರಿಯಲ್ಲಿ ಕೇಬಲಿನ ಕಾರ್ಡಿಗೆ 10.10.5.20 ಎಂದು ಕೈಯಾರೆ ವಿಳಾಸ ಕೊಟ್ಟು, ತೆಗೆಯದೆ ಹಾಗೇ ಬಂದಿದ್ದೆ. 192.168.1.7 ಬಂದಿದ್ದು ವೈಫೈ ಕಾರ್ಡಿಗೆ. ಕೊಟ್ಟದ್ದು ಹೊಸ ಲೈನಿನ ಮೋಡೆಮ್. ಬಹಳಷ್ಟು ಮೋಡೆಮ್‌ಗಳು 192.168.1 ಎಂಬ ಅದೇ ಸರಣಿಯಲ್ಲೇ ವಿಳಾಸ ಹಂಚುತ್ತವೆ. ಹಾಗಾಗಿ 192.168.1.99 ಎಲ್ಲಿ ಎಂದು ಕೇಳಿದಾಗ ಲ್ಯಾಪ್‌ಟಾಪ್ ಅದನ್ನು ವೈಫೈ ಕಡೆ ಹುಡುಕಿತು. ಆ ಕಡೆ ಯಾರಾದರೂ ಇದ್ದಾರೆಯೇ ಎಂದು ಕೇಳುವ ಪಿಂಗ್ ಒಂದೂ ಕೇಬಲಿನೊಳಗೆ ಹೋಗಲಿಲ್ಲ. ಹಸಿರು ದೀಪ ಹೇಳುವುದು ತಂತಿ ಕೂಡಿದೆ ಎಂಬುದನ್ನು ಮಾತ್ರ. ಎರಡೂ ತುದಿಯ ವಿಳಾಸ ಒಂದಕ್ಕೊಂದು ಹೊಂದುತ್ತದೆಯೇ ಎಂಬುದು ಅದಕ್ಕೆ ತಿಳಿಯದು. ಪಿಂಗ್ ಪರದೆಯಲ್ಲಿ ‘ರಿಪ್ಲೈ ಫ್ರಂ 192.168.1.7’ ಎಂದು ಶುರುವಾಗಿ ‘ಅನ್‌ರೀಚಬಲ್’ ಎಂದು ಮುಗಿಯುತ್ತಿತ್ತು. ಆ ಉತ್ತರ ಬರುತ್ತಿದ್ದುದು ನನ್ನದೇ ಲ್ಯಾಪ್‌ಟಾಪಿನಿಂದ. ಇಪ್ಪತ್ತು ಸಲ ಆ ಸಾಲು ಕಣ್ಣ ಮುಂದೆ ಬಂದರೂ ಓದಲಿಲ್ಲ.

ಇನ್ನೂ ಮೂರು ಸಲ ರೀಸೆಟ್ ಮಾಡಿದೆ. ಆಮೇಲೆ ಕೆಂಪು ಪುಡಿಯನ್ನು ತೋರಿಸಿ, ಒಳಗೆ ಸುಟ್ಟಿದೆ ಎಂದು ಮಾಲೀಕರಿಗೆ ಹೇಳಿದೆ. "ತಮ್ಮಾ, ಖಂಡಿತವೇ?" ಎಂದು ಕೇಳಿದರು. ಖಂಡಿತ ಎಂದೆ.

ಬೆಂಗಳೂರಿನಿಂದ ಹೊಸ ಪೆಟ್ಟಿಗೆ ತರಿಸಲಾಯಿತು. ಸೋಮವಾರದ ಟೆಂಡರನ್ನು ಮೋಡೆಮ್ಮಿನ ವೈಫೈಯಿಂದಲೇ ಹಾಕಿದರು. ಕೋಲ್ಡ್ ಸ್ಟೋರೇಜಿನ ಚೀಟಿಗಳನ್ನು ಗುಮಾಸ್ತರು ದಿನವಿಡೀ ಬೈಕಿನಲ್ಲಿ ಒಯ್ದು ತಂದರು. ವಯಸ್ಸಾದವರು. ಸಂಜೆ ಅವರ ಮುಖ ನೋಡಲು ನನಗಾಗಲಿಲ್ಲ.

ಮಂಗಳವಾರ ಹೊಸ ಪೆಟ್ಟಿಗೆ ಬಂತು. ಬಿಚ್ಚಿ ಜೋಡಿಸಿದೆ. ಅದೂ ತೆರೆಯಲಿಲ್ಲ.

ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಫೈರ್‌ವಾಲ್ ಯುಪಿಎಸ್ ಮೇಲಿತ್ತು, ಮೋಡೆಮ್ ಇರಲಿಲ್ಲ. ಮತ್ತೆ ಐಪಿಕಾನ್ಫಿಗ್ ಹೊಡೆದರೆ 192.168.1.7 ಮಾಯ, ಉಳಿದದ್ದು 10.10.5.20 ಒಂದೇ. ಕೇಬಲಿನ ಕಾರ್ಡನ್ನು ತಾನಾಗಿಯೇ ವಿಳಾಸ ಪಡೆಯುವಂತೆ ಮಾಡಿದೆ. 192.168.1.110 ಬಂತು, ಪುಟ ತೆರೆಯಿತು. ‘ಸುಟ್ಟುಹೋದ’ ಹಳೆಯದಕ್ಕೂ ಕೇಬಲ್ ಬದಲಿಸಿದೆ, ಅದೂ ತೆರೆಯಿತು. ಹೊಸದರ ಬೆಲೆ ಹಲವು ತಿಂಗಳು ನನ್ನ ಸಂಬಳದಿಂದ ಹೋಯಿತು, ಅದು ನ್ಯಾಯವೇ. ಆ ಮಾಲೀಕರು ಮತ್ತೆ ನಮ್ಮ ಅಂಗಡಿಗೆ ಕರೆ ಮಾಡಲಿಲ್ಲ.

ಈಗ ನಿಮ್ಮ ಕೆಲಸ. ವೈಫೈ ಆರಿಸಿ. ಕೇಬಲಿನ ಕಾರ್ಡಿನಲ್ಲಿ ಹಳೆಯ ವಿಳಾಸವಿದ್ದರೆ ತೆಗೆಯಿರಿ. ತಾನಾಗಿ ವಿಳಾಸ ಬರದಿದ್ದರೆ 192.168.1.10, ಮಾಸ್ಕ್ 255.255.255.0 ಎಂದು ನೀವೇ ಕೊಡಿ. ಕೇಬಲ್ ಇಂಟರ್ನೆಟ್ ಲೈನಿಗಿರುವ ವ್ಯಾನ್ (WAN) ಪೋರ್ಟಿನಲ್ಲಿರದೆ ಒಳಗಿನ ಪೋರ್ಟಿನಲ್ಲಿರಲಿ. ವಿಳಾಸದ ಮುಂದೆ ಎಚ್‌ಟಿಟಿಪಿಎಸ್ ಹಾಕಿ, ಬ್ರೌಸರ್ ಪ್ರಮಾಣಪತ್ರದ ಬಗ್ಗೆ ಎಚ್ಚರಿಸಿದರೆ ಮುಂದುವರಿಯಿರಿ. ಹೆಸರು ಅಡ್ಮಿನ್, ಪಾಸ್‌ವರ್ಡ್ ಖಾಲಿ. ಒಳಗೆ ಹೋದ ಕೂಡಲೇ ಹೊಸ ಪಾಸ್‌ವರ್ಡ್ ಇಡಿ. ಮೋಡೆಮ್ ಕೂಡ 192.168.1 ಸರಣಿಯದಾಗಿದ್ದರೆ, ಫೈರ್‌ವಾಲಿನ ಒಳಗಿನ ವಿಳಾಸ ಬದಲಿಸುವ ತನಕ ಅದನ್ನು ವ್ಯಾನ್ ಪೋರ್ಟಿಗೆ ಚುಚ್ಚಬೇಡಿ. ಎರಡೂ ಕಡೆ ಒಂದೇ ಸರಣಿಯಾದರೆ ಮತ್ತೆ ತಲೆನೋವು.

ಲೈಸೆನ್ಸ್ ಹೋಯಿತೆಂದು ಗಾಬರಿ ಬೇಡ, ಅದು ಸೀರಿಯಲ್ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಹೋಗಿರುವುದು ನಿಯಮಗಳು, ವಿಪಿಎನ್, ಲೈನಿನ ಯೂಸರ್‌ನೇಮ್. ಬ್ಯಾಕಪ್ ಕಡತ ಎಲ್ಲಾದರೂ ಇದೆಯೇ ಎಂದು ಇವತ್ತೇ ಹುಡುಕಿ, ಇಲ್ಲದಿದ್ದರೆ ಇಂಟರ್ನೆಟ್ ಕೊಡುವವರಿಗೆ ಈಗಲೇ ಫೋನ್ ಮಾಡಿ.

ಪಾಸ್‌ವರ್ಡ್ ಮರೆತರೆ ರೀಸೆಟ್ ಒಂದೇ ದಾರಿ ಎಂದೂ ಬರೆದಿದ್ದೀರಿ. ಎಲ್ಲ ಕಾಲಕ್ಕೂ ಆ ಮಾತು ನಿಜವಲ್ಲ. ಪೆಟ್ಟಿಗೆಯೊಳಗಿನ ತಂತ್ರಾಂಶವಾದ ಫೋರ್ಟಿಓಎಸ್ 7.2.4ಕ್ಕಿಂತ ಹಳೆಯದಿದ್ದರೆ ಅದರಲ್ಲಿ, ಯಾರೂ ತಡೆಹಾಕಿರದಿದ್ದರೆ, ‘ಮೇಂಟೇನರ್’ (maintainer) ಎಂಬ ಖಾತೆ ಇರುತ್ತದೆ. ಲ್ಯಾಪ್‌ಟಾಪಿನಿಂದ ಪೆಟ್ಟಿಗೆಯ ಕನ್ಸೋಲ್ ಪೋರ್ಟಿಗೆ ಕನ್ಸೋಲ್ ಕೇಬಲ್ ಹಾಕಿ, ವೇಗ 9600 ಇಟ್ಟು, ಪವರ್ ತೆಗೆದು ಹಾಕಿದ ಮೊದಲ ನಿಮಿಷದೊಳಗೆ ಬಿಸಿಪಿಬಿ (bcpb) ಎಂಬ ನಾಲ್ಕು ಸಣ್ಣ ಇಂಗ್ಲಿಷ್ ಅಕ್ಷರಗಳಿಗೆ ತಳದ ಚೀಟಿಯಲ್ಲಿರುವ ಸೀರಿಯಲ್ ಸಂಖ್ಯೆ ಸೇರಿಸಿ ಆ ಖಾತೆಯ ಪಾಸ್‌ವರ್ಡಾಗಿ ಕೊಟ್ಟರೆ ಒಳಗೆ ಬಿಡುತ್ತದೆ. ಸಮಯ ಸಾಲದು, ನೋಟ್‌ಪ್ಯಾಡಿನಲ್ಲಿ ಮೊದಲೇ ಬರೆದಿಟ್ಟು ಅಂಟಿಸಿ. ಅವತ್ತು ಇದು ನನಗೆ ಗೊತ್ತಿದ್ದಿದ್ದರೆ ಆ ಕೋಲ್ಡ್ ಸ್ಟೋರೇಜಿನ ವಿಪಿಎನ್ ಅಳಿಯುತ್ತಲೇ ಇರಲಿಲ್ಲ.

ವೈಫೈ ಆರಿಸಿದ ಮೇಲೂ ತೆರೆಯದಿದ್ದರೆ ಎರಡೂ ಕಾರ್ಡುಗಳ ವಿಳಾಸ ಕೆಳಗೆ ಬರೆಯಿರಿ. ರಾತ್ರಿ ಹತ್ತರವರೆಗೆ ಎದ್ದಿರುತ್ತೇನೆ.