ನಕ್ಕವನ ಹೊಟ್ಟೆನೋವು

ಈ ಪ್ರಕರಣವನ್ನು ಬರೆಯಲು ಹುಡುಗನೂ ಅವನ ತಂದೆತಾಯಿಯೂ ಒಪ್ಪಿದ್ದಾರೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಇದಕ್ಕೆಲ್ಲ ನೆಪವಾದ, ಶಾಲೆಯಲ್ಲಿ ತೋರಿಸಿದ ಸಿನಿಮಾದ ಹೆಸರು ಹೇಳಿದರೆ ಶಾಲೆ ಯಾವುದೆಂದು ತಿಳಿದುಬಿಡುತ್ತದೆ ಎಂಬ ಕಾರಣಕ್ಕೆ ಅದನ್ನೂ ಬಿಟ್ಟಿದ್ದೇನೆ.

ಹತ್ತನೇ ತರಗತಿಯ ಈ ಹುಡುಗ ಬೆಂಗಳೂರಿನ ದಕ್ಷಿಣ ಭಾಗದವನು. ನನ್ನ ಬಳಿ ಬಂದದ್ದು ಹೊಟ್ಟೆನೋವಿನ ಕಾರಣಕ್ಕೆ. ಐದು ವಾರಗಳಿಂದ ಬೆಳಗಿನ ತಿಂಡಿ ತಟ್ಟೆಯಲ್ಲೇ ಉಳಿಯುತ್ತಿತ್ತು. ರಕ್ತಪರೀಕ್ಷೆಯಲ್ಲೂ ಸ್ಕ್ಯಾನಿಂಗ್‌ನಲ್ಲೂ ಏನೂ ಸಿಗಲಿಲ್ಲ. ಭಾನುವಾರ ನೋವು ಬರುವುದೇ ಇಲ್ಲ ಎಂಬುದನ್ನು ಗಮನಿಸಿದ ಅವರ ಮನೆವೈದ್ಯರು ಆಪ್ತಸಲಹೆಗೆ ಕಳುಹಿಸಿದ್ದರು.

ತಾಯಿ ಕಾರಣವನ್ನು ಆಗಲೇ ಕಂಡುಕೊಂಡಿದ್ದರು. “ಸ್ಕೂಲಲ್ಲಿ ಯಾವುದೋ ಸಿನಿಮಾ ತೋರಿಸಿದ್ರು ಮೇಡಂ, ಅವತ್ತಿಂದ ಹೀಗಾಗಿದ್ದಾನೆ. ಅಂಥದ್ದನ್ನೆಲ್ಲ ಮಕ್ಕಳಿಗೆ ಯಾಕೆ ತೋರಿಸ್ಬೇಕು?” ಇನ್ನೊಬ್ಬ ಹುಡುಗನನ್ನು ಇಷ್ಟಪಡುತ್ತಾನೆಂಬ ಅನುಮಾನದ ಮೇಲೆ ಸಹಪಾಠಿಗಳೆಲ್ಲ ಸೇರಿ ಒಬ್ಬ ಹುಡುಗನನ್ನು ಗೋಳು ಹುಯ್ದುಕೊಳ್ಳುವ ಕಥೆ ಅದು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಚರ್ಚೆ ನಡೆದಿತ್ತು. ಇಂಥ ಚಿತ್ರಗಳು ಮಕ್ಕಳ ತಲೆ ಕೆಡಿಸುತ್ತವೆ ಎಂದು ಕೆಲವರು ಬರೆದರೆ, ಶಾಲೆ ಧೈರ್ಯ ತೋರಿಸಿತು ಎಂದು ಮತ್ತೆ ಕೆಲವರು ಮೆಚ್ಚಿಕೊಂಡಿದ್ದರು. ಆ ಸಭಾಂಗಣದಲ್ಲಿ ಮಕ್ಕಳು ಚಿತ್ರವನ್ನು ಹೇಗೆ ನೋಡಿದರು ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಜೀವಕ್ಕೆ ಅಪಾಯವಿರುವ ವಿಷಯವೊಂದನ್ನು ಬಿಟ್ಟು ಬೇರೇನನ್ನೂ ಅವನ ಒಪ್ಪಿಗೆಯಿಲ್ಲದೆ ಮನೆಯವರಿಗೆ ಹೇಳುವುದಿಲ್ಲ ಎಂದು ತಾಯಿಯ ಎದುರಿಗೇ ಅವನಿಗೆ ತಿಳಿಸಿ, ನಂತರ ಅವನೊಬ್ಬನ ಜೊತೆ ಕುಳಿತೆ. ಮೊದಲ ದಿನ ಅವನು ಹೊಟ್ಟೆಯ ವಿಷಯ ಬಿಟ್ಟು ಬೇರೇನೂ ಮಾತನಾಡಲಿಲ್ಲ. ಎರಡನೆಯ ಭೇಟಿಯಲ್ಲಿ, ಹೊರಡುವ ಹೊತ್ತಿಗೆ ಬ್ಯಾಗು ಹೆಗಲಿಗೇರಿಸಿಕೊಂಡು, “ನಾನೂ ನಕ್ಕೆ ಮೇಡಂ” ಎಂದ.

ಒಂಬತ್ತು ಮತ್ತು ಹತ್ತನೇ ತರಗತಿಯ ಇನ್ನೂರು ಮಕ್ಕಳನ್ನು ಒಟ್ಟಿಗೆ ಕೂರಿಸಿ, ದೀಪ ಆರಿಸಿ, ಶಿಕ್ಷಕರು ಬಾಗಿಲ ಬಳಿ ನಿಂತಿದ್ದರು. ಚಿತ್ರದ ಹುಡುಗನ ನಡಿಗೆಯನ್ನು ಅಣಕಿಸುವ ದೃಶ್ಯ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನೋಡನೋಡುತ್ತಿದ್ದಂತೆ ಆ ನಗು ಸಾಲಿನಿಂದ ಸಾಲಿಗೆ ಹರಡಿತು. ಪಕ್ಕದಲ್ಲಿ ಕುಳಿತಿದ್ದವನು ಇವನ ಎಲ್‌ಕೆಜಿ ಗೆಳೆಯ. ತರಗತಿಯಲ್ಲಿ ಅವನನ್ನು, ಹೆಣ್ಣಿಗನೆಂದು ಹಂಗಿಸುವ ಅರ್ಥದಲ್ಲಿ, ‘ಒಂಬತ್ತು’ ಎಂದು ಕರೆಯುತ್ತಾರೆ. ಗಣಿತದ ಪಾಠದಲ್ಲಿ ಉತ್ತರ 9 ಬಂದರೆ ಸಾಕು, ಹತ್ತಾರು ತಲೆಗಳು ಅವನ ಕಡೆ ತಿರುಗುತ್ತವೆ. ಕರಿಹಲಗೆಯತ್ತ ಮುಖ ಮಾಡಿದ ಮೇಷ್ಟ್ರಿಗೆ ಮಕ್ಕಳು ಏಕೆ ನಗುತ್ತಾರೆಂದು ತಿಳಿಯುವುದಿಲ್ಲ, ಅಥವಾ ತಿಳಿದರೂ ಸುಮ್ಮನಿರುತ್ತಾರೆ. ಅಂದು ಸಭಾಂಗಣದಲ್ಲಿ ಆ ಗೆಳೆಯ ಪರದೆಯನ್ನು ಬಿಟ್ಟು ಇವನ ಮುಖವನ್ನೇ ನೋಡಿದ. ಮರುದಿನದಿಂದ ಇವನಿಗಿಂತ ಮೊದಲಿನ ಬಸ್ಸು ಹಿಡಿದು ಹೋಗತೊಡಗಿದ.

ಏಕೆ ನಕ್ಕೆ ಎಂದು ನಾನು ಕೇಳಲಿಲ್ಲ. ಮುಂದಿನ ವಾರ ಅವನೇ ಹೇಳಿದ: “ನಗದೇ ಇದ್ದಿದ್ರೆ ನನ್ನನ್ನೂ ನೋಡ್ತಿದ್ರು.”

ಹದಿಹರೆಯದವರು ಇಂಥ ಚಿತ್ರ ನೋಡಿ ನಕ್ಕರೆ ಅವರಿಗೆ ಹೃದಯವಿಲ್ಲ ಎಂದು ದೊಡ್ಡವರು ತೀರ್ಮಾನಿಸಿಬಿಡುತ್ತಾರೆ. ಕ್ರೌರ್ಯದಿಂದ ನಗುವವರು ಇಲ್ಲವೆಂದಲ್ಲ. ಆದರೆ ನನ್ನ ಮುಂದೆ ಕುಳಿತು ಇಂಥ ನಗುವಿನ ಬಗ್ಗೆ ಮಾತನಾಡಿದ ಮಕ್ಕಳಲ್ಲಿ ಹೆಚ್ಚಿನವರು ನಕ್ಕದ್ದು ಭಯಕ್ಕೆ. ‘ನಾನು ಅವನಂಥವನಲ್ಲ’ ಎಂದು ಸುತ್ತಲಿನವರಿಗೆ ತೋರಿಸಿಕೊಳ್ಳಲು ಕತ್ತಲಲ್ಲಿ ಅವರಿಗೆ ಸಿಗುವ ಸುಲಭದ ದಾರಿ ಅದು. ಹಾಗೆಂದು ಆ ನಗುವಿನ ಪೆಟ್ಟು ಪಕ್ಕದಲ್ಲಿ ಕುಳಿತವನಿಗೆ ಕಡಿಮೆಯಾಗಿ ತಾಗುವುದಿಲ್ಲ. ಈ ಎರಡೂ ಮಾತನ್ನು ಹುಡುಗನಿಗೆ ಹೇಳಿದೆ. ಮೊದಲನೆಯದನ್ನಷ್ಟೇ ಹೇಳಿದ್ದರೆ ಅವನಿಗೆ ಆ ದಿನ ಸಮಾಧಾನವಾಗುತ್ತಿತ್ತು, ಹೊಟ್ಟೆನೋವು ಹೋಗುತ್ತಿರಲಿಲ್ಲ.

ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಅಂಜಿಕೆ ಪೋಷಕರಲ್ಲಿದೆ, ಅದು ನಿಜವಲ್ಲ. ತನಗೆ ಹಾಗೇನೂ ಇಲ್ಲ, ಗೆಳೆಯನ ಬಗ್ಗೆ ಹೆದರಿಕೆಯಾಗುತ್ತದೆ ಎಂದ. ಆ ಮಗುವನ್ನು ನಾನು ನೋಡಿಲ್ಲ, ಆದರೂ ಅಂದಿನಿಂದ ಮನಸ್ಸಿನಿಂದ ಅವನು ಮರೆಯಾಗಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಮತ್ತು ಮಕ್ಕಳ ಸಹಾಯವಾಣಿ 1098, ಎರಡೂ ಸಂಖ್ಯೆಗಳನ್ನು ಬರೆದುಕೊಟ್ಟೆ. ಗೆಳೆಯ ಬದುಕುವುದು ಬೇಡವೆಂಬ ಅರ್ಥದ ಮಾತು ಒಮ್ಮೆ ಆಡಿದರೂ ಗುಟ್ಟಾಗಿ ಇಟ್ಟುಕೊಳ್ಳದೆ ಆ ದಿನವೇ ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಬೇಕೆಂದೂ ಹೇಳಿದೆ.

ಮೂರನೆಯ ಭೇಟಿಗೆ ತಂದೆಯೂ ಬಂದರು. ಮಗನನ್ನು ಹೊರಗೆ ಕೂರಿಸಿ, ದನಿ ತಗ್ಗಿಸಿ, “ನಮ್ಮ ಹುಡುಗನಿಗೆ ಆ ಥರ ಏನೂ ಇಲ್ಲ ಅಲ್ವಾ ಮೇಡಂ?” ಎಂದರು. ಅದು ನಾನು ಉತ್ತರಿಸಬೇಕಾದ ಪ್ರಶ್ನೆಯಲ್ಲವೆಂದೂ, ಅವನು ತಾನಾಗಿ ಹೇಳುವವರೆಗೆ ಮನೆಯಲ್ಲೂ ಯಾರೂ ಕೇಳಬಾರದೆಂದೂ ಹೇಳಿದೆ. ಅವರ ಭಯಕ್ಕೆ ಸಲ್ಲಬೇಕಾದ ಮಾಹಿತಿಯನ್ನು ಮಾತ್ರ ಮುಚ್ಚಿಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟದ್ದು 1990ರಲ್ಲಿ. ವಯಸ್ಕರ ನಡುವಿನ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿದೆ. ಒಲವನ್ನು ‘ಸರಿಪಡಿಸುವ’ ಚಿಕಿತ್ಸೆ ಕೊಡುವುದನ್ನು ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ; ಆದ್ದರಿಂದ ಯಾರಾದರೂ ವಾಸಿಮಾಡುತ್ತೇವೆಂದು ಮುಂದೆ ಬಂದರೆ ಅವರ ಬಳಿ ಯಾವ ಮಗುವನ್ನೂ ಕರೆದೊಯ್ಯಬೇಡಿ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಕಾಲದಲ್ಲೂ ‘ಒಂಬತ್ತು’ ಎಂದು ಕರೆಸಿಕೊಳ್ಳುತ್ತಿದ್ದ ಹುಡುಗನೊಬ್ಬ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟದ್ದನ್ನು ನೆನೆದರು. ಈ ಮಾತನ್ನು ನನಗಿಂತ ಮಗನಿಗೆ ಹೇಳಿ ಎಂದು ಕೇಳಿಕೊಂಡೆ. ಟಿ.ವಿ. ನೋಡುವಾಗ ಹೆಣ್ಣು ವೇಷದ ಹಾಸ್ಯಕ್ಕೆ ಮನೆಮಂದಿಯೆಲ್ಲ ನಗುವುದನ್ನೂ ಮಕ್ಕಳು ಲೆಕ್ಕ ಇಟ್ಟುಕೊಳ್ಳುತ್ತಾರೆ ಎಂದು ತಾಯಿಗೆ ತಿಳಿಸಿದೆ.

ಕುಟುಂಬದ ಒಪ್ಪಿಗೆ ಪಡೆದು, ಯಾವ ಮಗುವಿನ ಹೆಸರನ್ನೂ ಎತ್ತದೆ, ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಭೇಟಿಯಾದೆ. ಚಿತ್ರವನ್ನು ಇನ್ನು ತೋರಿಸುವುದಿಲ್ಲ ಎಂದು ಅವರು ಆಗಲೇ ನಿರ್ಧರಿಸಿದ್ದರು. ಅದು ಬೇಡ ಎಂದೆ. ಒಂದೊಂದೇ ವಿಭಾಗಕ್ಕೆ ಬೇರೆಬೇರೆಯಾಗಿ ತೋರಿಸಿ, ಏನು ಬರಲಿದೆಯೆಂದು ಮೊದಲೇ ತಿಳಿಸಿ, ನೋಡಲಾಗದ ಮಗು ಕಾರಣ ಕೊಡದೆ ಗ್ರಂಥಾಲಯಕ್ಕೆ ಹೋಗಲು ಬಿಟ್ಟು, ಶಿಕ್ಷಕರು ಮಕ್ಕಳ ನಡುವೆಯೇ ಕುಳಿತು, ಮುಂದಿನ ಪೀರಿಯಡ್ಡನ್ನು ಮಾತುಕತೆಗೆಂದು ಖಾಲಿ ಇಡಬೇಕೆಂಬುದು ನನ್ನ ಸಲಹೆಯಾಗಿತ್ತು. ‘ಎಲ್ಲಿ ನಗು ಬಂತು, ಏಕೆ ಬಂತು’ ಎಂಬುದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಬಹುದು. ಈಗಾಗಲೇ ಅಪಹಾಸ್ಯಕ್ಕೆ ಗುರಿಯಾಗಿರುವ ಮಗುವನ್ನು ಎಬ್ಬಿಸಿ ಅಭಿಪ್ರಾಯ ಕೇಳುವುದು, ಒಳ್ಳೆಯ ಉದ್ದೇಶದಿಂದಲೇ ಆದರೂ, ಮಾಡಬಾರದು. ಇದೆಲ್ಲಕ್ಕಿಂತ ಮುಖ್ಯವಾಗಿ, ಗಣಿತದ ತರಗತಿಯಲ್ಲಿ ಒಂಬತ್ತಕ್ಕೆ ನಗು ಎದ್ದಾಗ ಮೇಷ್ಟ್ರು ತಿರುಗಿ ನಿಂತು, ಆ ಪದದ ಅರ್ಥ ತಮಗೆ ಗೊತ್ತೆಂದೂ ತಮ್ಮ ತರಗತಿಯಲ್ಲಿ ಅದು ನಡೆಯುವುದಿಲ್ಲವೆಂದೂ ಹೇಳಬೇಕು. ವರ್ಷಕ್ಕೊಮ್ಮೆ ಬರುವ ಸಿನಿಮಾಗಿಂತ ದಿನಾ ನಡೆಯುವ ಆ ಪಾಠದಲ್ಲಿ ಆ ಗೆಳೆಯನಿಗೆ ರಕ್ಷಣೆ ಸಿಗಬೇಕಾಗಿದೆ.

ಹುಡುಗನಿಗೆ ಗೆಳೆಯನ ಕ್ಷಮೆ ಕೇಳುವ ಆಸೆಯಿತ್ತು. ವಾಟ್ಸಾಪ್ ಸಂದೇಶ ಬೇರೆಯವರ ಕೈಗೆ ಸಿಕ್ಕಿ ಹರಿದಾಡಬಹುದಾದ್ದರಿಂದ ಅದು ಬೇಡವೆಂದೆ. ಕೈಯಲ್ಲಿ ಬರೆದುಕೊಡು, ಪ್ರತಿಯಾಗಿ ಏನನ್ನೂ ಕೇಳಬೇಡ, ಅವನು ಮಾತನಾಡದಿದ್ದರೆ ಅದು ಅವನ ಹಕ್ಕು ಎಂದು ಸಲಹೆ ಕೊಟ್ಟೆ. ಐದನೆಯ ಭೇಟಿಯಲ್ಲಿ ನೋಟ್‌ಬುಕ್ಕಿನ ಹಾಳೆಯೊಂದನ್ನು ತಂದು ನನ್ನ ಮುಂದೆ ಇಟ್ಟ. ನಾಲ್ಕೇ ಸಾಲು ಇತ್ತು. ‘ನಾನು ನಕ್ಕೆ. ನೀನು ನೋಡಿದ್ದು ನನಗೆ ಕಾಣಿಸಿತು’ ಎಂದು ಶುರುವಾಗಿತ್ತು. ಮೂರನೆಯ ಸಾಲು ‘ಎಲ್ಲರೂ ನಗುತ್ತಿದ್ದರು, ಅದಕ್ಕೆ’ ಎಂದಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿ, ನನ್ನ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಆ ಸಾಲನ್ನು ತಾನೇ ಹೊಡೆದುಹಾಕಿ, ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.