ಮದ್ದಿನ ಗಿಡದ ಸಂಶೋಧನೆ: ಮೊದಲು ಮರದ ಗುರುತು

ನೀವು ಬಿಎಸ್ಸಿ ಮುಗಿಸಿದ್ದೀರಿ. ಮಂಜೇಶ್ವರದ ಕಡೆಯ ಮದ್ದಿನ ಗಿಡಗಳಲ್ಲಿ ಯಾವ ರಾಸಾಯನಿಕ ಇದೆ, ಅದರಿಂದ ಏನು ಉಪಯೋಗ ಅಂತ ಸಂಶೋಧನೆ ಮಾಡಬೇಕು ಎಂದಿದ್ದೀರಿ. ಯಾವ ಪರೀಕ್ಷೆಯಿಂದ, ಯಾವ ಯಂತ್ರದಿಂದ ಶುರು ಮಾಡಲಿ ಎಂಬುದು ನಿಮ್ಮ ಪ್ರಶ್ನೆ.

ಯಂತ್ರ ಆಮೇಲೆ. ಮೊದಲು ಒಂದೇ ಒಂದು ಗಿಡ ಹಿಡಿಯಿರಿ. ಅದು ಅದೇ ಗಿಡ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ.

ನಮ್ಮ ಮನೆ ಬದಿಯಡ್ಕದ ಹತ್ತಿರ. ಆಟಿ (ಆಷಾಢ) ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವುದು ನಮ್ಮ ಕಡೆಯ ಪದ್ಧತಿ. ಅದರ ಹಿಂದಿನ ಸಂಜೆ ಅಜ್ಜ ಗುಡ್ಡೆಗೆ ಹೋಗಿ ಒಂದು ಹಾಲೆ ಮರಕ್ಕೆ ದಾರ ಕಟ್ಟಿ ಬರುತ್ತಿದ್ದರು. ಮರುದಿನ ಬೆಳಕು ಹರಿಯುವ ಮೊದಲು ಅದೇ ಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಕಲ್ಲಿನಿಂದ ಜಜ್ಜಿ ತರುತ್ತಿದ್ದರು. ಕತ್ತಿ ತಾಗಿಸಬಾರದು. ಅಮ್ಮ ಅದನ್ನು ಗುದ್ದಿ ರಸ ಹಿಂಡಿ, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕಾದ ಬಿಳಿ ಕಲ್ಲು ಹಾಕಿ ಚುಂಯ್ ಅನಿಸುತ್ತಿದ್ದರು. ಬಾಯಿಗಿಡಲಾಗದಷ್ಟು ಕಹಿ. ಅದರ ಹಿಂದೆಯೇ ಮೆಂತೆ ಗಂಜಿ.

ಆ ದಾರ ಯಾಕೆ ಅಂತ ಚಿಕ್ಕವನಿದ್ದಾಗ ತಿಳಿಯಲಿಲ್ಲ. ಕೆಮಿಸ್ಟ್ರಿ ಓದಿದ ಮೇಲೆ ತಿಳಿಯಿತು. ಅದೇ ಗುಡ್ಡೆಯಲ್ಲಿ ಕಾಸರಕನ ಮರಗಳೂ ಇವೆ. ಈ ಮರದಿಂದಲೇ ಕಾಸರಗೋಡಿಗೆ ಹೆಸರು ಬಂತು ಎನ್ನುವವರೂ ಇದ್ದಾರೆ. ಅದರ ಬೀಜ, ತೊಗಟೆ ಎರಡರಲ್ಲೂ ಸ್ಟ್ರಿಕ್ನಿನ್ ಎಂಬ ವಿಷ ಇದೆ. ‘ಸಾಕು, ಸಡಿಲವಾಗು’ ಎಂದು ನರಗಳಿಗೆ ಹೇಳುವ ಗ್ಲೈಸಿನ್‌ನ ಕೆಲಸವನ್ನು ಸ್ಟ್ರಿಕ್ನಿನ್ ತಡೆಯುತ್ತದೆ. ಮೈ ಸೆಟೆದುಕೊಂಡು ಉಸಿರು ನಿಲ್ಲುತ್ತದೆ. ಅದೂ ಕಹಿ, ಇದೂ ಕಹಿ. ಕತ್ತಲಲ್ಲಿ ಎರಡರ ತೊಗಟೆ ಅದಲು ಬದಲಾದರೆ ಗತಿ ಏನು? ಹಾಲೆಗೆ ಒಂದೇ ಗೆಣ್ಣಿನಿಂದ ಸುತ್ತಲೂ ಐದಾರು ಎಲೆ ಬರುತ್ತವೆ, ಕೆತ್ತಿದರೆ ಹಾಲು ಸುರಿಯುತ್ತದೆ. ಕಾಸರಕಕ್ಕೆ ಎಲೆಗಳು ಎದುರೆದುರು, ಬುಡದಿಂದಲೇ ಹೊರಡುವ ಎದ್ದು ಕಾಣುವ ನರಗಳು, ಕಿತ್ತಳೆ ಬಣ್ಣದ ಉರುಟು ಕಾಯಿ. ಹಾಲು ಇಲ್ಲ. ಇದನ್ನೆಲ್ಲ ನೋಡಲು ಬೆಳಕು ಬೇಕು. ಅಜ್ಜನ ದಾರ ನಮ್ಮ ಮನೆಯ ಮೊದಲ ಪ್ರಯೋಗಾಲಯ ಅಂತ ನಾನು ನಿಜವಾಗಿ ನಂಬಿದ್ದೇನೆ.

ಆದರೂ ನಾನು ಎಡವಿದೆ. ಎಂಎಸ್ಸಿ ಪ್ರಾಜೆಕ್ಟಿಗೆ ಅಶೋಕದ ತೊಗಟೆಯನ್ನು ಒಂದು ಅಂಗಡಿಯಿಂದ ತಂದೆ. ಆರು ತಿಂಗಳು ದುಡಿದೆ. ಕೊನೆಗೆ ಸಸ್ಯಶಾಸ್ತ್ರದ ಮೇಡಂ ಒಬ್ಬರು ತೊಗಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಸೀತೆಯ ಅಶೋಕ ಅಲ್ಲ, ಬಂಗಲೆಗಳ ಮುಂದೆ ಸಾಲಾಗಿ ನೆಡುವ ಕಂಬದ ಅಶೋಕ ಎಂದರು. ಮಾರುಕಟ್ಟೆಯಲ್ಲಿ ಈ ಕಲಬೆರಕೆ ತುಂಬಾ ಸಾಮಾನ್ಯ ಅಂತ ಆಮೇಲೆ ಓದಿದೆ. ಅಷ್ಟೂ ಲೆಕ್ಕ ಬೇರೆ ಯಾವುದೋ ಮರದ್ದಾಗಿತ್ತು.

ಹಾಗಾಗಿ ಹೂವೋ ಕಾಯಿಯೋ ಇರುವ ಕೊಂಬೆಯನ್ನೇ ತೆಗೆಯಿರಿ. ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿ. ಪೇಪರನ್ನು ಆಗಾಗ ಬದಲಿಸಿ, ನಮ್ಮ ಮಳೆಗಾಲದಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ. ಊರು, ತಾರೀಕು, ಜನ ಕರೆಯುವ ಹೆಸರು, ಯಾವ ಭಾಗವನ್ನು ಹೇಗೆ ಬಳಸುತ್ತಾರೆ, ಎಲ್ಲ ಬರೆದಿಡಿ. ತುಳು, ಮಲಯಾಳ ಹೆಸರೂ ಇರಲಿ. ಒಂದು ಹೆರ್ಬೇರಿಯಮ್ಮಿಗೆ, ಅಂದರೆ ಒಣಗಿಸಿದ ಗಿಡಗಳನ್ನು ಹೆಸರು ಸಮೇತ ಕಾದಿಡುವ ಸಂಗ್ರಹಕ್ಕೆ, ಕೊಟ್ಟು ನಂಬರ್ ಪಡೆಯಿರಿ. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ನಿಮಗೆ ದೂರವಲ್ಲ, ಅಲ್ಲಿನ ಸಸ್ಯವಿಜ್ಞಾನದವರ ಹತ್ತಿರ ಹೋಗಿ ಕೇಳಿ.

ಅಜ್ಜಿಯಂದಿರು ಮದ್ದು ಮಾಡುವ ಕ್ರಮವನ್ನು ಸುಮ್ನೆ ಶಾಸ್ತ್ರ ಅಂತ ಬಿಡಬೇಡಿ. ಚೀನಾದ ತೂ ಯೂಯೂ ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದಾಗ ಗಿಡವನ್ನು ಕುದಿಸಿ ತೆಗೆದ ಸಾರ ಸರಿಯಾಗಿ ಕೆಲಸ ಮಾಡಲಿಲ್ಲ. 4ನೇ ಶತಮಾನದ ಒಂದು ಪುಸ್ತಕದಲ್ಲಿ ಗಿಡವನ್ನು ನೀರಲ್ಲಿ ನೆನೆಸಿ ರಸ ಹಿಂಡಿ ಕುಡಿಯಿರಿ ಎಂದಿತ್ತು, ಕುದಿಸಿ ಎಂದಿರಲಿಲ್ಲ. ಅವರು ಕಡಿಮೆ ಬಿಸಿಯಲ್ಲೇ ಆವಿಯಾಗುವ ಈಥರ್ ಬಳಸಿದರು. 1971ರಲ್ಲಿ ಸಾರ ಕೆಲಸ ಮಾಡಿತು. ಅದರಿಂದಲೇ ಮುಂದೆ ಆರ್ಟಿಮಿಸಿನಿನ್ ಎಂಬ ಮಲೇರಿಯಾ ಮದ್ದು ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು.

ಆದರೆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಲೇಬೇಕು. ನಮ್ಮಲ್ಲಿ ಕಾಮಾಲೆ ಅಂದರೆ ನೆಲನೆಲ್ಲಿ, ಅಲ್ವಾ? 1988ರಲ್ಲಿ ಮದ್ರಾಸಿನ ಸಂಶೋಧಕರು, ಕಾಮಾಲೆ ತರಬಲ್ಲ ಹೆಪಟೈಟಿಸ್ ಬಿ ವೈರಸ್ ಮೈಯಲ್ಲಿ ಇದ್ದವರಿಗೆ ನೆಲನೆಲ್ಲಿ ಪುಡಿ ಕೊಟ್ಟು ನೋಡಿದರು. ಆ ವೈರಸ್ಸಿನ ಗುರುತು ಹಿಡಿದು ನೊಬೆಲ್ ಪಡೆದ ಬ್ಲೂಂಬರ್ಗ್ ಅವರೂ ಆ ತಂಡದಲ್ಲಿದ್ದರು. ಪುಡಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಯಿತು. ಹೋಲಿಸಿ ನೋಡಲು ಕೊಟ್ಟ, ಮದ್ದಿನ ಅಂಶವೇ ಇಲ್ಲದ ಸುಳ್ಳು ಮದ್ದು ತಿಂದ 23ರಲ್ಲಿ ಒಬ್ಬರಿಗೆ ಮಾತ್ರ. ಎಂಥ ಆಸೆ ಹುಟ್ಟಿತು! ಆಮೇಲೆ ಬೇರೆ ಕಡೆ ಮಾಡಿದವರಿಗೆ ಆ ಫಲ ಸಿಗಲಿಲ್ಲ. ಇಂಥದ್ದು ಓದಿದಾಗ ನನಗೆ ಬೇಸರವಾಗುತ್ತದೆ, ಆದರೂ ಬಚ್ಚಿಡಬಾರದು. ಕಾಮಾಲೆ ಬಂದವರಿಗೆ ರಕ್ತ ಪರೀಕ್ಷೆ ಮಾಡಿಸಿ ಎಂದೇ ನಾನು ಹೇಳುತ್ತೇನೆ.

ಪ್ರಯೋಗಾಲಯದ ಕೆಲಸ ನಿಮಗೆ ಕಷ್ಟವಾಗಲಾರದು. ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಹೆಕ್ಸೇನ್, ಈಥೈಲ್ ಅಸಿಟೇಟ್, ಮೆಥನಾಲ್ ಎಂಬ ದ್ರಾವಕಗಳಲ್ಲಿ ಒಂದರ ನಂತರ ಒಂದರಲ್ಲಿ ಸಾರ ತೆಗೆಯಿರಿ. ಸಾರದಲ್ಲಿರುವ ರಾಸಾಯನಿಕಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುವ ಟಿಎಲ್‌ಸಿ ಹಾಳೆಯಲ್ಲಿ ಡ್ರಾಗೆಂಡಾರ್ಫ್ ಎಂಬ ಪರೀಕ್ಷಾ ದ್ರಾವಣ ಸಿಂಪಡಿಸಿ ಕಿತ್ತಳೆ ಚುಕ್ಕೆ ಬಂದರೆ ಆಲ್ಕಲಾಯ್ಡ್ (ಸ್ಟ್ರಿಕ್ನಿನ್‌ನ ಜಾತಿಯ ರಾಸಾಯನಿಕ) ಇದೆ ಅಂತ ಒಂದು ಸುಳಿವು. ಆಂಟಿಆಕ್ಸಿಡೆಂಟ್ ಪರೀಕ್ಷೆ ಒಂದನ್ನೇ ಮಾಡಿ ಪೇಪರ್ ಬರೆಯಬೇಡಿ. ಚಹಾದ ಎಲೆ ಹಾಕಿದರೂ ಅದು ಪಾಸಾಗುತ್ತದೆ.

ಎಲ್ಲವೂ ಮದ್ದೇ ಆಗಬೇಕಾಗಿಲ್ಲ. ಗೇರುಬೀಜ ಸುಡುವಾಗ ಸಿಡಿದು ಕೈ ಸುಡುವ ಎಣ್ಣೆ ಗೊತ್ತಲ್ಲ? ಅದರಲ್ಲಿ ಜಾಸ್ತಿ ಇರುವುದು ಅನಕಾರ್ಡಿಕ್ ಆಮ್ಲ. ಕಾಯಿಸಿದರೆ ಅದರಿಂದ ಕಾರ್ಬನ್ ಡೈಆಕ್ಸೈಡ್ ಹೋಗಿ ಕಾರ್ಡನಾಲ್ ಉಳಿಯುತ್ತದೆ. ಅದರ ರಾಳ ವಾಹನಗಳ ಬ್ರೇಕ್ ಲೈನಿಂಗಿಗೂ ಪೇಂಟಿಗೂ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇಷ್ಟೊಂದು ಗೇರು ಇರುವಾಗ ಇದರ ಮೇಲೆ ಕೆಲಸ ಮಾಡಬಹುದು.

ಪುನರ್ಪುಳಿಯೂ (ಕೋಕಂ) ಒಳ್ಳೆಯ ಆಯ್ಕೆ. ಅದರ ದಾಯಾದಿ ಮಂತುಪುಳಿಯಲ್ಲಿರುವ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿದ್ದು ಲೂಯಿಸ್ ಮತ್ತು ನೀಲಕಂಠನ್, ಅದೂ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ.

ಕಾಡಿನಿಂದ ಏನೇ ತರುವುದಿದ್ದರೂ ಅರಣ್ಯ ಇಲಾಖೆಯ ಅನುಮತಿ ಮೊದಲೇ ಕೇಳಿ. ಮದ್ದು ಹೇಳಿಕೊಟ್ಟವರ ಹೆಸರನ್ನು, ಅವರು ಒಪ್ಪಿದರೆ, ನಿಮ್ಮ ಬರಹದಲ್ಲಿ ಹಾಕಿ. ಯಾವ ಗಿಡ ಹಿಡಿದಿರಿ ಅಂತ ಇಲ್ಲೇ ತಿಳಿಸಿ. ಎಲೆಯ ಎರಡೂ ಬದಿ, ಗೆಣ್ಣು, ಹೂ, ತೊಗಟೆಯ ಫೋಟೋ ಹಗಲು ಬೆಳಕಲ್ಲಿ ತೆಗೆದು ಹಾಕಿದರೆ ನಾನೂ ನೋಡಿ ಹೇಳುತ್ತೇನೆ.